ಅಗ್ನಿಶಿಖೆಯ ಹೊಗೆ

"ತಾಯಿ, ಮಗಳ ಕಿವಿಗೆ ಒಂದು ಕೆಟ್ಟ ಮಾತೂ ಬೀಳದ ಹಾಗೆ ಬೆಳೆಸಿದ್ದೇನೆ. ನಾಳೆ ಅವಳು ಓದಲು ಪರವೂರಿಗೆ ಹೊರಟಿದ್ದಾಳೆ. ಅಲ್ಲಿಯೂ ಕೆಟ್ಟವರ ನೆರಳು ಅವಳ ಮೇಲೆ ಬೀಳದಂತೆ ಏನು ಮಾಡಲಿ?"

ನೀಲಗಂಗವ್ವ ಹೀಗೆ ಕೇಳಿದಾಗ ಗುರುತಾಯಿ ಕಾಲು ಚಾಚಿ ಗೋಡೆಗೆ ಒರಗಿದರು. ಅಂದರೆ ಕತೆ ಶುರುವಾಯಿತು ಎಂದೇ ಅರ್ಥ. ನೀಲಗಂಗವ್ವನ ಮನೆಯಲ್ಲಿ ಮಗಳ ಪೆಟ್ಟಿಗೆ ಇನ್ನೂ ಅರ್ಧವೇ ತುಂಬಿತ್ತು. ಒಂದೇ ಮಾತಿನ ಉತ್ತರ ಸಿಕ್ಕಿದ್ದರೆ ಅದನ್ನೂ ಕಟ್ಟಿ ಕಳಿಸಬಹುದಿತ್ತು.

ಒಬ್ಬ ವರ್ತಕ ದೂರದ ಸೀಮೆಯಿಂದ ಒಂದು ಟಗರು ಕೊಂಡು ತಂದ. ಮಗುವಿನಂತೆ ಮುದ್ದು ಮಾಡಿದ. ಊರ ಗುಡ್ಡದಲ್ಲಿ ಅಗ್ನಿಶಿಖೆಯ ಬಳ್ಳಿ ಬೆಳೆಯುತ್ತಿತ್ತು. ಬೆಂಕಿಯಂಥ ಚೆಂದದ ಹೂವು. ಗಡ್ಡೆಯಿಂದ ಎಲೆಯವರೆಗೆ ವಿಷ. ಆ ಊರಿನಲ್ಲೊಂದು ವಾಡಿಕೆ. ಹೊಸ ಕುರಿ ಬಂದರೆ ಆ ಎಲೆಯನ್ನು ಬೆರಣಿಯ ಕೆಂಡಕ್ಕೆ ಹಾಕಿ ಮೂಗಿಗೆ ಹೊಗೆ ಹಿಡಿಯುತ್ತಿದ್ದರು. ಕುರಿ ಕೆಮ್ಮುತ್ತದೆ, ಒದ್ದಾಡುತ್ತದೆ. ಆಮೇಲೆ ಆ ವಾಸನೆಯ ಹತ್ತಿರ ಸುಳಿಯುವುದಿಲ್ಲ.

ಕುರಿ ಕಾಯುವವಳು ಕೆಂಡ ತಂದಳು. ವರ್ತಕ ಅಡ್ಡ ನಿಂತ.

"ನನ್ನ ಟಗರಿಗೆ ಹೊಗೆಯೇ? ಬೇಡವೇ ಬೇಡ. ಬಳ್ಳಿಯನ್ನೇ ಕೀಳಿಸುತ್ತೇನೆ."

"ಕೀಳಿಸಿ ಧಣಿ. ಹೂವಿಲ್ಲದಾಗ ಅದನ್ನು ಹೇಗೆ ಗುರುತು ಹಿಡಿಯುತ್ತೀರಿ?"

"ಹೂವಿಲ್ಲದ ಮೇಲೆ ಅದೆಂಥ ಅಗ್ನಿಶಿಖೆ!" ಎಂದು ವರ್ತಕ ನಕ್ಕ.

ಆಳು ಹಚ್ಚಿ, ಹೂವು ಕಂಡಲ್ಲೆಲ್ಲ ಬಳ್ಳಿ ಕೀಳಿಸಿದ. ಗಡ್ಡೆ ಮಣ್ಣಿನೊಳಗೆ ಸುಮ್ಮನೆ ಮಲಗಿತ್ತು. ಮರುವರ್ಷದ ಮೊದಲ ಮಳೆಗೆ ಎಳೆ ಚಿಗುರು ಎದ್ದಿತು. ಹುಲ್ಲಿನ ನಡುವೆ ಅದೂ ಒಂದು ಹಸಿರು; ಎಲೆಯ ತುದಿ ಮಾತ್ರ ಕೊಕ್ಕೆಯಂತೆ ಸುರುಳಿ. ವರ್ತಕ ನೋಡಿದ, ಹೂವು ಕಾಣಲಿಲ್ಲ, ಟಗರನ್ನು ಮೇಯಲು ಬಿಟ್ಟ. ಊರ ಕುರಿಗಳು ಮೂಸಿ ಪಕ್ಕಕ್ಕೆ ಸರಿದವು. ಟಗರು ಹೊಟ್ಟೆ ತುಂಬ ಮೇಯಿತು. ಸಂಜೆ ಕಾಲು ಮಡಿಸಿ ಬಿದ್ದದ್ದು ಮತ್ತೆ ಏಳಲಿಲ್ಲ.

ವರ್ತಕ ಅಳುತ್ತಲೇ ಕುರಿ ಕಾಯುವವಳ ಮೇಲೆ ಹರಿಹಾಯ್ದ. "ನಿನ್ನ ಕುರಿಗಳೂ ಅಲ್ಲೇ ಇದ್ದವು! ಅವಕ್ಕೇನೂ ಆಗಲಿಲ್ಲವಲ್ಲ!"

"ಅವು ಮೊದಲೇ ಕೆಮ್ಮಿದ್ದವು ಧಣಿ," ಎಂದಳು ಅವಳು.

ಕತೆ ಅಲ್ಲಿಗೆ ನಿಂತಿತು. ನೀಲಗಂಗವ್ವನಿಗೆ ಯಾಕೋ ವರ್ತಕನ ಪರವಾಗಿಯೇ ಮಾತು ಬಂತು.

"ಅವನದೂ ಪ್ರೀತಿಯೇ ಅಲ್ಲವೇ ತಾಯಿ? ಗಡ್ಡೆಸಮೇತ ಅಗೆಸಿದ್ದರೆ ಟಗರು ಉಳಿಯುತ್ತಿತ್ತು."

"ಉಳಿಯುತ್ತಿತ್ತು," ಎಂದರು ಗುರುತಾಯಿ. "ನಾಳೆಯಿಂದ ನೀನು ಮಗಳ ಮುಂದೆ ಮುಂದೆ ಎಷ್ಟು ಗುಡ್ಡ ಅಗೆಯುತ್ತ ಹೋಗುತ್ತೀಯವ್ವ?"