ಎಂಬತ್ತರ ನೂಲು

"ಕಲಿಯಲಾರದ ಮಗುವನ್ನು ಎಷ್ಟು ದಿನ ಕೂರಿಸಿಕೊಳ್ಳಬೇಕು, ಗುರುಗಳೇ?"

ಕೇಳಿದವನು ಅಡವಯ್ಯ. ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿ ಎರಡು ವರ್ಷವಾಗಿತ್ತು. ಶಿಷ್ಯರಲ್ಲಿ ಲೆಕ್ಕದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ.

"ಯಾವ ಮಗು?" ಎಂದರು ಗುರುಗಳು.

"ನಿಂಬೆವ್ವ. ಭಾಗದ ಲೆಕ್ಕ ಶುರುಮಾಡಿ ಹದಿನೈದು ದಿನವಾಯಿತು. ಆರನೇ ಒಂದು ಭಾಗ, ಎಂಟನೇ ಒಂದು ಭಾಗ, ಎರಡರಲ್ಲಿ ಯಾವುದು ದೊಡ್ಡದು ಎಂದರೆ ಎಂಟನೇದು ಎನ್ನುತ್ತಾಳೆ. ತಪ್ಪು ಎಂದೆ. ಮರುದಿನ ಕೇಳಿದೆ, ಮತ್ತೆ ಎಂಟನೇದು. ಅದನ್ನಾದರೂ ಮೆಲ್ಲಗೆ ಹೇಳುತ್ತಾಳೆಯೇ? ಕೈ ಎತ್ತಿ, ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾಳೆ. ಉಳಿದ ಮಕ್ಕಳು ನಗುತ್ತಾರೆ. ನಾಳೆ ಅವಳ ತಾಯಿ ಬರುತ್ತಾಳೆ. ಇವಳಿಗೆ ಲೆಕ್ಕ ಹತ್ತುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳಿಬಿಡಲೇ?"

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನಗೆ ಹೇಳಿದ್ದಲ್ಲ, ಗಾದೆ ನೆನಪಾಯಿತು ಅಷ್ಟೆ," ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಅದು ಮುಗಿದ ಮೇಲೂ ಆ ತಾಯಿಗೆ ಹಾಗೆ ಹೇಳಬೇಕು ಎನಿಸಿದರೆ ಹೇಳು, ನಾನು ತಡೆಯುವುದಿಲ್ಲ."

ಅಡವಯ್ಯ ಕೂತ. ಗುರುಗಳು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅವನು ಕೂರುತ್ತಿದ್ದ, ಇನ್ನೊಂದರಲ್ಲಿ ಮಗ. ನೂಲಿಗೆ ಗಂಜಿ ಹಾಕುವುದು, ಬಣ್ಣ ಕಟ್ಟುವುದು ಹೆಂಡತಿಯ ಕೆಲಸ. ಅವಳಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು. ಆಗ ಅವನು ಮಗನಿಗೆ ಹೆಣ್ಣು ತಂದ.

ಹೆಣ್ಣು ಅವರ ಕುಲದವಳೇ. ಆದರೆ ಅವಳ ತವರಿನವರು ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹಗ್ಗ ಹಿಡಿದಿದ್ದರು. ಬಾವಿಯ ಹಗ್ಗ, ದನದ ಹಗ್ಗ, ತೊಟ್ಟಿಲ ಹಗ್ಗ ಹೊಸೆದು ಬದುಕುತ್ತಿದ್ದರು. ಹುಡುಗಿಯ ಕೈಗೆ ನಾರಿನ ಪರಿಚಯವಿತ್ತು, ನೂಲಿನದು ಇರಲಿಲ್ಲ. ಅತ್ತೆಮನೆಗೆ ಬರುವಾಗ ಅವಳಿಗಿದ್ದದ್ದು ಒಂದೇ ಆಸೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಒಂದು ಸೀರೆ ನೇಯಬೇಕು, ಕುಲದ ಕಸುಬು ತನ್ನ ಕೈಗೆ ಬರಬೇಕು ಎಂಬುದು.

ನೇಕಾರ ಮೊದಲು ಅವಳಿಗೆ ಗಂಜಿಯ ಕೆಲಸ ಕೊಟ್ಟ. ದಪ್ಪ ನೂಲಿಗೆ ಗಟ್ಟಿ ಗಂಜಿ, ಸಣ್ಣ ನೂಲಿಗೆ ತಿಳಿ ಗಂಜಿ, ಇಷ್ಟು ತಿಳಿದರೆ ಸಾಕು ಎಂದ. ಎರಡು ಕಟ್ಟು ನೂಲು ಮುಂದಿಟ್ಟು ಮಗ್ಗಕ್ಕೆ ಹೋದ. ಒಂದರ ಚೀಟಿಯ ಮೇಲೆ ನಲವತ್ತು ಎಂದು ಬರೆದಿತ್ತು, ಇನ್ನೊಂದರ ಮೇಲೆ ಎಂಬತ್ತು.

ಹಗ್ಗ ಹಿಡಿದ ಕೈಗೆ ಎರಡೂ ಜೇಡನ ಎಳೆಯಂತೆಯೇ ಇದ್ದವು. ಎಂಬತ್ತರದು ಕೊಂಚ ಸಣ್ಣದಿರಬಹುದೇ ಎಂದು ಕಣ್ಣು ಒಂದು ಸಲ ಅನುಮಾನಿಸಿತು. ಆದರೆ ಚೀಟಿ ಎಂಬತ್ತು ಎನ್ನುತ್ತಿದೆಯಲ್ಲ! ಅವಳು ಚೀಟಿಯನ್ನು ನಂಬಿದಳು. ಎಂಬತ್ತರ ನೂಲನ್ನು ಗಟ್ಟಿ ಗಂಜಿಯಲ್ಲಿ ಅದ್ದಿದಳು.

ಮರುದಿನ ಆ ನೂಲು ಒಣಗಿ ಶಾವಿಗೆಯಂತಾಗಿತ್ತು. ಮುಟ್ಟಿದಲ್ಲೆಲ್ಲ ಮುರಿಯಿತು. ನೇಕಾರ ಹೊಸಬಳೆಂದು ಸಿಟ್ಟು ನುಂಗಿಕೊಂಡ. "ಎಂಬತ್ತಲ್ಲ, ನಲವತ್ತು ದಪ್ಪ," ಎಂದು ಹೇಳಿ ಎದ್ದುಹೋದ. ತಪ್ಪು ಎಂದು ಹೇಳಿದ, ಯಾಕೆ ತಪ್ಪು ಎಂದು ಹೇಳಲಿಲ್ಲ. ಪಾಪ, ಅವನಿಗೆ ಕೆಲಸ ಬಹಳ.

ಸೊಸೆ 'ನಲವತ್ತು ದಪ್ಪ' ಎಂಬುದನ್ನು ಬಾಯಿಪಾಠ ಮಾಡಿಕೊಂಡಳು. ಮುಂದಿನ ವಾರ ಮನೆಗೆ ಬಂದ ನೂಲು ಅರವತ್ತರದು ಮತ್ತು ನೂರರದು. ಬಾಯಿಪಾಠದಲ್ಲಿ ಅವೆರಡೂ ಇರಲಿಲ್ಲ. ಅವಳು ನೂರರ ನೂಲಿಗೆ ಗಟ್ಟಿ ಗಂಜಿ ಹಾಕಿದಳು.

ಈ ಸಲ ನೇಕಾರನ ಸಿಟ್ಟು ಕಟ್ಟೆಯೊಡೆಯಿತು. "ಈಕಿ ಕೈಗೆ ಮಗ್ಗ ಹತ್ತೂದಿಲ್ಲ. ಅಮಾಸಿ ದಿನ ತವರಿಗೆ ಬಿಟ್ಟು ಬರ್ತೀನಿ, ಹಗ್ಗಾನ ಹೊಸೀಲಿ," ಎಂದು ಮಗನ ಮುಂದೆ ಕೂಗಾಡಿದ. ಅಮಾವಾಸ್ಯೆಗೆ ಐದು ದಿನವಿತ್ತು. ಮಗ ಅಪ್ಪನಿಗೆ ಎದುರಾಡುವ ಮನೆಯಲ್ಲ ಅದು. ಒಳಗೆ ಗಂಜಿಯ ಮಡಕೆಯ ಪಕ್ಕದಲ್ಲಿ ಕೂತು ಸೊಸೆ ಅತ್ತಳು. ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಹೀಗೆ ತವರಿಗೆ ಮರಳಿದವಳನ್ನು ಊರು ಏನೆನ್ನುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮಾತಾಡಿದವಳು ನೇಕಾರನ ಹೆಂಡತಿ.

"ಬಿಟ್ಟು ಬರೂದು ಇದ್ದದ್ದ. ಯಾಕ ಹಂಗ ಮಾಡಿದಿ ಅಂತ ಒಂದಿನಾನರ ಕೇಳೀರೇನು?"

ಕೇಳಿರಲಿಲ್ಲ. ನೇಕಾರ ಸೊಸೆಯನ್ನು ಕರೆದು ಕೇಳಿದ. ಸೊಸೆ ಕಣ್ಣೊರೆಸಿಕೊಂಡು ಹೇಳಿದಳು:

"ಎಂಬತ್ತು ದೊಡ್ಡದಲ್ಲೇನ್ರೀ, ಮಾವಾರ? ನಮ್ಮ ಮನ್ಯಾಗ ಆರೆಳಿ ಹಗ್ಗಕ್ಕಿಂತ ಎಂಟೆಳಿ ಹಗ್ಗ ದಪ್ಪ. ಎಂಟೆಳೀದು ಬಾವಿಗೆ, ಆರೆಳೀದು ಆಕಳಿಗೆ. ಅದಲು ಬದಲು ಮಾಡಿದ್ರ ಕೊಡ ಬಾವ್ಯಾಗ ಬೀಳತೈತಿ ಅಂತ ನಮ್ಮಪ್ಪ ಬೈತಿದ್ದ."

ಇಷ್ಟು ದಿನ ನೇಕಾರ ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದ. ಅವಳಿಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ತಿಳಿವಳಿಕೆ ಇನ್ನೊಂದು ಮನೆಯದು.

ಅವನು ಎರಡು ಸಮನಾದ ಹಿಡಿ ಹತ್ತಿ ತಂದು ಅವಳ ಮುಂದಿಟ್ಟ. ನೂಲಿನ ಲೆಕ್ಕ ನಿನಗೆ ಗೊತ್ತಿರಲಿಕ್ಕಿಲ್ಲ, ಅಡವಯ್ಯ. ಒಂದೇ ಅಳತೆಯ ಉದ್ದಕ್ಕೆ ಸುತ್ತಿದ ನೂಲಿನ ಸುರುಳಿಗೆ ಲಡಿ ಎನ್ನುತ್ತಾರೆ. ಒಂದು ತೂಕದ ಹತ್ತಿಯಿಂದ ನಲವತ್ತು ಲಡಿ ನೂತರೆ ಅದು ನಲವತ್ತರ ನೂಲು. ಅದೇ ತೂಕದ ಹತ್ತಿಯಿಂದ ಎಂಬತ್ತು ಲಡಿ ನೂತರೆ ಎಂಬತ್ತರ ನೂಲು.

"ನಿಮ್ಮಪ್ಪ ಎಂಟು ಅಂದ್ರ ಎಂಟು ಎಳಿ ಕೂಡಸ್ತಾನ," ಎಂದ ನೇಕಾರ. "ನಾ ಎಂಬತ್ತು ಅಂದ್ರ ಇಷ್ಟ ಹತ್ತೀನ ಎಂಬತ್ತು ಲಡಿಗೆ ಹಂಚ್ತೀನಿ. ಉಣ್ಣೂ ಮಂದಿ ಹೆಚ್ಚಾದ್ರ ಪಾಲು ಏನಾಗತೈತವ್ವಾ?"

"ಸಣ್ಣದಾಗತೈತ್ರಿ," ಎಂದಳು ಸೊಸೆ. ಹೇಳುತ್ತಲೇ ಅವಳಿಗೆ ನಗು ಬಂತು. ಹದಿನೈದು ದಿನ ಕಾಡಿದ ಸಂಗತಿ ಒಂದು ಹಿಡಿ ಹತ್ತಿಯಲ್ಲಿ ಕರಗಿಹೋಯಿತು.

ಆದರೂ ನೇಕಾರ ಅಮಾವಾಸ್ಯೆಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಬಾಯಲ್ಲಿ ಹೇಳುವುದು ಬೇರೆ, ಕೈಗೆ ಬರುವುದು ಬೇರೆ, ನೋಡೋಣ ಎಂದ. ಹಿರಿಯರು ಆಡಿದ ಮಾತು ತಪ್ಪೆಂದು ತಿಳಿದ ಮೇಲೂ ಅದನ್ನು ಒಂದೆರಡು ದಿನ ಹೊತ್ತು ತಿರುಗುತ್ತಾರೆ. ನಾನೂ ತಿರುಗಿದ್ದೇನೆ.

ಅಮಾವಾಸ್ಯೆಗೆ ಇನ್ನು ಎರಡು ದಿನ. ಮದುವೆ ಮನೆಯೊಂದರ ನೇಯ್ಗೆ ಬಂದಿತ್ತು. ವಧುವರರು ಕೂರುವ ಜಮಖಾನೆ, ವಧುವಿನ ಸೀರೆ, ವರನ ರುಮಾಲು, ಮೂರಕ್ಕೂ ಅಂಚು ಒಂದೇ ಕೆಂಪಿನದಾಗಬೇಕು ಎಂದಿದ್ದರು. ಜಮಖಾನೆಯ ಅಂಚಿಗೆ ನಲವತ್ತರ ನೂಲು ನಾಲ್ಕು ಲಡಿ. ಸೀರೆಯ ಅಂಚಿಗೆ ಅರವತ್ತರದು ಐದು ಲಡಿ. ರುಮಾಲಿಗೆ ಎಂಬತ್ತರದು ಆರು ಲಡಿ.

ಮೂರು ಮಡಕೆಗಳಲ್ಲಿ ನೀರು ಕುದಿಯುತ್ತಿತ್ತು. ಬಣ್ಣದ ಪುಡಿ ಇದ್ದದ್ದು ಒಂದೇ ಡಬ್ಬಿ. ಹತ್ತಿ ಹೆಚ್ಚಿದ್ದ ಮಡಕೆಗೆ ಪುಡಿ ಹೆಚ್ಚು ಬೀಳಬೇಕು, ಕಡಿಮೆ ಇದ್ದುದಕ್ಕೆ ಕಡಿಮೆ. ತಪ್ಪಿದರೆ ಒಂದು ಅಂಚು ಕಡುಗೆಂಪು, ಇನ್ನೊಂದು ಈರುಳ್ಳಿ ಸಿಪ್ಪೆಯ ಬಣ್ಣ. ತೂಗಿ ನೋಡೋಣವೆಂದರೆ ನೂಲು ಆಗಲೇ ನೀರಿನಲ್ಲಿ ನೆಂದಿತ್ತು. ತಕ್ಕಡಿಗೆ ಹಾಕಿದರೆ ತೂಗುವುದು ನೀರನ್ನು. ಹಿಂದೆಲ್ಲ ಹೆಂಡತಿ ನೋಡಿಯೇ ಹಾಕುತ್ತಿದ್ದಳು. ಈಗ ಅವಳ ಕಣ್ಣಿಗೆ ಮೂರೂ ಒಂದೇ.

ನೇಕಾರ ಸವಟು ಹಿಡಿದು ರುಮಾಲಿನ ಮಡಕೆಯ ಕಡೆಗೆ ನಡೆದ. ಆರು ಲಡಿ ಇದೆಯಲ್ಲ, ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಎಂದ.

"ತಡೀರಿ, ಮಾವಾರ. ನಾಕು ಲಡೀದಕ್ಕ ಹೆಚ್ಚು ಬೇಕು," ಎಂದಳು ಸೊಸೆ.

"ಆರು ದೊಡ್ಡದೋ ನಾಕು ದೊಡ್ಡದೋ?" ಎಂದು ನೇಕಾರ ಗದರಿದ.

ನೋಡಿದೆಯಾ? ಎಂಬತ್ತನ್ನು ನೋಡಿ ಮೋಸಹೋದವಳನ್ನು ಬೈದವನು ಆರನ್ನು ನೋಡಿ ಮೋಸಹೋದ. ಮೂವತ್ತು ವರ್ಷ ಮಗ್ಗದಲ್ಲಿ ಕೂತವನು! ಲಡಿ ಎಷ್ಟು ಎಂದು ಎಣಿಸಿದ, ಆ ಲಡಿ ಎಂಥದು ಎಂದು ನೋಡಲಿಲ್ಲ.

ಸೊಸೆ ನೆಲದ ಮೇಲೆ ಕೂತಳು. ನೂಲಿನ ದಾರಿ ಅವಳಿಗೆ ಹೊಸದು. ಹಗ್ಗದ ದಾರಿ ಹಳೆಯದು. ಅವಳು ಹಳೆಯ ದಾರಿಯಲ್ಲೇ ನಡೆದಳು. ತವರಿನಲ್ಲಿ ಎಂಟೆಳೆ ಆರೆಳೆಗಿಂತ ದಪ್ಪ ಯಾಕೆ? ಅಲ್ಲಿ ಎಳೆಗಳೆಲ್ಲ ಒಂದೇ ದಪ್ಪ. ಹಾಗಾದರೆ ಈ ಮೂರು ನೂಲನ್ನೂ ಒಂದೇ ಎಳೆಯಿಂದ ಹೊಸೆದ ಹಗ್ಗವೆಂದುಕೊಂಡರೆ? ಆ ಎಳೆ ಎಷ್ಟು ಸಣ್ಣದಿರಬೇಕು?

ಮೊದಲು ಎಂಬತ್ತನ್ನೇ ಎಳೆ ಮಾಡಿಕೊಂಡಳು. ಎಂಬತ್ತರ ಎರಡು ಎಳೆ ಕೂಡಿದರೆ ನಲವತ್ತರ ನೂಲಾಯಿತು. ಆದರೆ ಅರವತ್ತು ಒಂದಕ್ಕೂ ಎರಡಕ್ಕೂ ನಡುವೆ ಸಿಕ್ಕಿಕೊಂಡಿತು. ಇನ್ನೂ ಸಣ್ಣದಾಗಿ, ನೂರಿಪ್ಪತ್ತಕ್ಕೆ ಎಳೆದಳು. ಈಗ ಅರವತ್ತಕ್ಕೆ ಎರಡೆಳೆ, ನಲವತ್ತಕ್ಕೆ ಮೂರೆಳೆ ಸರಿಹೋಯಿತು. ಎಂಬತ್ತು ಮಾತ್ರ ಒಂದೂವರೆಯಲ್ಲಿ ನಿಂತಿತು. ಒಂದೂವರೆ ಎಳೆಯ ಹಗ್ಗವನ್ನು ಯಾರಾದರೂ ಹೊಸೆದಾರೆಯೇ? ಆ ಎಳೆಯನ್ನು ಮತ್ತೆ ಎರಡಾಗಿ ಸೀಳಿದಳು. ಇನ್ನೂರ ನಲವತ್ತು. ಅಂಥ ನೂಲು ಆ ಮನೆಯಲ್ಲಿ ಇರಲಿಲ್ಲ. ಅವಳು ಅದನ್ನು ಮನಸ್ಸಿನಲ್ಲೇ ನೂತಳು. ಈಗ ಮೂರೂ ಕೂತವು. ಎಂಬತ್ತರ ನೂಲು ಮೂರೆಳೆ, ಅರವತ್ತರದು ನಾಲ್ಕೆಳೆ, ನಲವತ್ತರದು ಆರೆಳೆ.

ಸೊಸೆ ಎದ್ದು ನಿಂತಳು.

"ಎಳಿ ಒಂದ ಆದ ಮ್ಯಾಲ ಎಣಸಬೇಕ್ರಿ, ಮಾವಾರ. ಜಮಖಾನೀದು ಆರೆಳಿ, ನಾಕು ಲಡಿ, ಇಪ್ಪತ್ನಾಕಾತು. ಸೀರೀದು ನಾಕೆಳಿ, ಐದು ಲಡಿ, ಇಪ್ಪತ್ತು. ರುಮಾಲಿಂದು ಮೂರೆಳಿ, ಆರು ಲಡಿ, ಹದಿನೆಂಟು. ಅರ್ಧ ಮಾಡಿಕೊಳ್ರಿ. ಹನ್ನೆರಡು ಸವಟು, ಹತ್ತು ಸವಟು, ಒಂಬತ್ತು ಸವಟು."

ನೇಕಾರ ತನ್ನ ಬೆರಳಿನ ಮೇಲೆ ಎರಡು ಸಲ ಎಣಿಸಿದ. ಆಮೇಲೆ ಸವಟನ್ನು ಅವಳ ಕೈಗೆ ಕೊಟ್ಟ. ಸಂಜೆ ಮೂರು ನೂಲೂ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. ಮಂಜುಗಣ್ಣಿನ ಅತ್ತೆ ಹೋಗಲಿ, ನೇಕಾರನಿಗೂ ಕೆಂಪಿನಲ್ಲಿ ಭೇದ ಕಾಣಲಿಲ್ಲ. ಅವನಿಗೆ ಸಂತೋಷವಾಯಿತು. ಸಂತೋಷವಾಯಿತೆಂದು ಹೇಳುವ ಅಭ್ಯಾಸವಿರಲಿಲ್ಲವಾದ್ದರಿಂದ ಎರಡು ರೊಟ್ಟಿ ಹೆಚ್ಚು ತಿಂದ.

ಅಮಾವಾಸ್ಯೆ ಬಂತು. ನೇಕಾರರು ಅಂದು ಮಗ್ಗ ಮುಟ್ಟುವುದಿಲ್ಲ. ಬೆಳಿಗ್ಗೆಯೇ ಮಾವ ರುಮಾಲು ಸುತ್ತಿಕೊಂಡು ಚಪ್ಪಲಿ ಮೆಟ್ಟಿದ್ದನ್ನು ಕಂಡು ಸೊಸೆ ಒಳಗೆ ಓಡಿದಳು. ಅವಳು ತನ್ನ ಬಟ್ಟೆಯ ಗಂಟನ್ನು ಹುಡುಕುವಷ್ಟರಲ್ಲಿ ಅವನು ಓಣಿ ದಾಟಿದ್ದ. ಒಬ್ಬನೇ ಹೋಗಿದ್ದ.

ಬೀಗರ ಮನೆಯಲ್ಲಿ ಕೂತು, ಕೊಟ್ಟ ನೀರು ಕುಡಿದು, ನೇಕಾರ ಹೇಳಿದ: "ನಿಮ್ಮ ಮಗಳು ನನ್ನ ಎರಡು ಕಟ್ಟು ನೂಲು ಕೆಡಿಸಿದ್ಲು. ನೀವು ಕಲಿಸಿದ್ದನ್ನ ಪಾಲಿಸಿ ಕೆಡಿಸಿದ್ಲು. ಮದವಿ ಮನೀ ನೂಲು ಉಳಿಸಿದ್ಲು, ಅದನ್ನೂ ನೀವು ಕಲಿಸಿದ್ದರಿಂದನ. ಭಾಳ ಚಲೋ ಕಲಿಸೀರಿ ಅಂತ ಹೇಳಿ ಹೋಗಾಕ ಬಂದೆ."

ಮರುದಿನ ಪಾಡ್ಯ. ನೇಕಾರ ತಾನು ಕೂರುತ್ತಿದ್ದ ಮಗ್ಗದ ಕುಣಿಯನ್ನು ಗುಡಿಸಿ, ಹೆಂಡತಿಯ ಕೈಯಿಂದ ಅರಿಸಿನ ಕುಂಕುಮ ಇಡಿಸಿ, ಸೊಸೆಯನ್ನು ಅದರಲ್ಲಿ ಕೂರಿಸಿದ. ಅವಳು ನೇಯ್ದ ಮೊದಲ ಸೀರೆಯಲ್ಲಿ ಹದಿನಾಲ್ಕು ತಪ್ಪು ಇದ್ದವಂತೆ. ಅತ್ತೆ ಅದನ್ನೇ ಹಬ್ಬಕ್ಕೆ ಉಟ್ಟಳಂತೆ.

ಗುರುಗಳು ಕತೆ ನಿಲ್ಲಿಸಿದರು. ಕತೆ ಅಡವಯ್ಯನಿಗೆ ಹಿಡಿಸಿತ್ತು. ಎಳೆಯನ್ನು ಒಂದಾಗಿಸುವ ಉಪಾಯವನ್ನು ನಾಳೆಯೇ ಮಕ್ಕಳಿಗೆ ತೋರಿಸಬೇಕು ಎಂದೂ ಎಣಿಸಿದ. ಆದರೆ ಒಂದು ಕಡೆ ಅವನಿಗೆ ಒಪ್ಪಿಗೆಯಾಗಲಿಲ್ಲ.

"ಆ ಸೊಸೆಯ ಮಾತು ಬೇರೆ, ಗುರುಗಳೇ. ಅವಳಿಗೆ ಹಗ್ಗದ ಲೆಕ್ಕ ಕಲಿಸಿದ ತಂದೆಯೊಬ್ಬನಿದ್ದ, ಅದಕ್ಕೇ ಎಡವಿದಳು. ನಿಂಬೆವ್ವನ ಮನೆಯಲ್ಲಿ ಎಣಿಕೆ ಬಲ್ಲವರೇ ಇಲ್ಲ. ಅವಳ ತಲೆಗೆ ಇಂಥ ತಪ್ಪು ಎಲ್ಲಿಂದ ಬರಬೇಕು?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

"ಎಂಟು ಆರಕ್ಕಿಂತ ದೊಡ್ಡದು ಎಂದು ಹೋದ ವರ್ಷ ಅವಳಿಗೆ ಕಲಿಸಿದವರು ಯಾರು, ಅಡವಯ್ಯ?"