ಕೊಟ್ರವ್ವನ ‘ನೋಡಬೋದು’

ಒಂದಾನೊಂದು ಊರಿನಲ್ಲಿ, ಅಂದರೆ ಪಕ್ಕದ ಊರು ಅಲ್ಲದ ಊರಿನಲ್ಲಿ, ಒಬ್ಬ ದೊರೆ, ಒಂದು ಟಾಕೀಸು, ಮಂಡಕ್ಕಿ ಮಾರುವ ಕೊಟ್ರವ್ವ ಇದ್ದರು. ಉಳಿದ ಜನವೂ ಇದ್ದರು. ಅವರನ್ನೆಲ್ಲ ಹೇಳುತ್ತ ಕೂತರೆ ಒಲೆ ಆರಿಹೋಗುತ್ತದೆ.

ದೊರೆಯ ಹೆಸರು ಮೆಚ್ಚಪ್ಪ ನಾಯಕ. ಯುದ್ಧಕ್ಕೆ ಹೆದರುತ್ತಿರಲಿಲ್ಲ, ಹುಲಿಗೆ ಹೆದರುತ್ತಿರಲಿಲ್ಲ. ಚಲೋ ಇಲ್ಲದ ಪಿಚ್ಚರ್ ಎಲ್ಲಿ ನೋಡಿಬಿಡುತ್ತೇನೋ ಅನ್ನುವುದೊಂದೇ ಅವನ ಭಯ. ಅದಕ್ಕೇ ಹುಟ್ಟಿದಾಗಿನಿಂದ ಒಂದನ್ನೂ ನೋಡಿರಲಿಲ್ಲ. ಬದಲಿಗೆ ಒಂದು ಕಾನೂನು ಮಾಡಿದ್ದ. ಪಿಚ್ಚರ್ ನೋಡಿದವರು ಸೀದಾ ಅರಮನೆಗೆ ಬಂದು ಹೇಗಿತ್ತು ಅಂತ ಹೇಳಬೇಕು. ಅರಮನೆಯಲ್ಲಿ ಮಾತಾಡುವ ತಕ್ಕಡಿ ಇತ್ತು. ‘ಚಲೋ ಐತಿ’ ಅಂದರೆ ಮಾತು ಬಲಗಡೆ ತಟ್ಟೆಗೆ ಬೀಳುತ್ತಿತ್ತು. ‘ಚಲೋ ಇಲ್ಲ’ ಅಂದರೆ ಎಡಗಡೆ ತಟ್ಟೆಗೆ. ಶುಕ್ರವಾರ ಬೆಳಿಗ್ಗೆ ತಕ್ಕಡಿ ತೀರ್ಪು ಹೇಳುತ್ತಿತ್ತು. ಅಷ್ಟರಲ್ಲಿ ಟಾಕೀಸಿನವರು ಆ ಪಿಚ್ಚರ್ ಎತ್ತಿ ಬೇರೆಯದನ್ನು ಹಾಕಿರುತ್ತಿದ್ದರು.

ಕೊಟ್ರವ್ವ ಟಾಕೀಸಿನ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಇಂಟರ್‌ವಲ್‌ನಲ್ಲಿ ಮಂಡಕ್ಕಿ ಖಾಲಿಯಾದರೆ ಒಳಗೆ ಹೋಗಿ ಉಳಿದರ್ಧ ನೋಡುತ್ತಿದ್ದಳು. ಮೊದಲರ್ಧ ಮರುದಿನ. ಹಾಗಾಗಿ ಅವಳ ಪಾಲಿಗೆ ಎಲ್ಲ ಪಿಚ್ಚರೂ ಮದುವೆಯಿಂದ ಶುರುವಾಗಿ, ಹುಡುಗ ಹುಡುಗಿಯ ಪರಿಚಯದಲ್ಲಿ ಮುಗಿಯುತ್ತಿದ್ದವು. ಅದರಿಂದ ಅವಳಿಗೆ ತೊಂದರೆಯೇನೂ ಆಗಿರಲಿಲ್ಲ.

ತೊಂದರೆ ಆದದ್ದು ಒಂದೇ ಸಲ. ಏಳು ವರ್ಷದ ಹಿಂದೆ ತನ್ನ ಅಕ್ಕ ಹಾಲವ್ವನಿಗೆ, “ಅಕ್ಕಾ, ಈ ಪಿಚ್ಚರ್ ಬಾಳ ಚಲೋ ಐತಿ, ನೋಡ್ಕೊಂಡು ಬಾ” ಅಂದಿದ್ದಳು. ಹಾಲವ್ವ ಹೋಗಿ ನೋಡಿದಳು. ಅದರಲ್ಲಿ ಸೊಸೆ ಅತ್ತೆಗೆ ಪಾಯಸದಲ್ಲಿ ವಿಷ ಹಾಕುತ್ತಾಳೆ. ಹಾಲವ್ವ ಮನೆಗೆ ಬಂದಾಗ ಸೊಸೆ ಪಾಯಸ ಮಾಡಿಟ್ಟಿದ್ದಳು. ಹಾಲವ್ವ ಮುಟ್ಟಲಿಲ್ಲ. ಸೊಸೆ ಯಾಕೆ ಅಂದಳು, ಹಾಲವ್ವ ಯಾಕೆ ಅಂತ ಹೇಳಿದಳು. ಮರುದಿನ ಮಗ ಸೊಸೆ ಬೇರೆ ಮನೆ ಮಾಡಿದರು. “ನಿನ್ನ ಮಾತು ಕೇಳಿ ನನ್ನ ಮನಿ ಎರಡಾತು” ಅಂತ ಹಾಲವ್ವ ತಂಗಿಯ ಜೊತೆ ಮಾತು ಬಿಟ್ಟಳು.

ಅವತ್ತಿನಿಂದ ಕೊಟ್ರವ್ವ ಯಾವ ಪಿಚ್ಚರಿಗೂ ಚಲೋ ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಯಾರು ಕೇಳಿದರೂ ಒಂದೇ ಮಾತು. ನೋಡಬೋದು.

ಮಂಡಕ್ಕಿಯವಳು ಅಂತ ಅರಮನೆಯವರು ಅವಳನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ಸೋಮವಾರ ಕರೆ ಬಂತು. ಕೊಟ್ರವ್ವ ಹೋದಳು.

“ಈ ವಾರದ್ದು ಹೆಂಗೈತಿ?” ಅಂದ ದೊರೆ.

“ನೋಡಬೋದು ದೊರೆ.”

ತಕ್ಕಡಿ ಅತ್ತ ವಾಲಿತು, ಇತ್ತ ವಾಲಿತು. “ದೊರೆ, ಈ ಮಾತು ಎರಡೂ ತಟ್ಟೆಯಲ್ಲಿ ಒಂದೊಂದು ಕಾಲಿಟ್ಟು ಕೂತಿದೆ” ಅಂದಿತು. “ನನಗೆ ಸೊಂಟ ಹಿಡಿಯಿತು.”

“ನೋಡಬೋದು ಅಂದ್ರ ನೋಡಬೇಕು ಅಂತನೋ, ನೋಡಬಾರ್ದು ಅಂತನೋ?”

“ನೋಡಬೋದು ಅಂತ ದೊರೆ.”

ದೊರೆಗೆ ಊಟ ಸೇರಲಿಲ್ಲ. ಆ ಮಾತಿನ ಅರ್ಥ ತಿಳಿದು ಬಾ ಅಂತ ಮಂತ್ರಿಯನ್ನು ಮ್ಯಾಟಿನಿಗೆ ಕಳಿಸಿದ. ಮಂತ್ರಿ ನಿದ್ದೆ ಹೋದರೆ? ಮಂತ್ರಿ ನೋಡುತ್ತಾನೋ ಇಲ್ಲವೋ ನೋಡಲು ಸೇನಾಪತಿಯನ್ನು ಕಳಿಸಿದ. ಸೇನಾಪತಿ ಮಂತ್ರಿಯ ಎದುರು ಕೂತು ಅವನ ಮುಖ ನೋಡತೊಡಗಿದ. ಇವನು ಸರಿಯಾಗಿ ನೋಡುತ್ತಿದ್ದಾನೋ ಇಲ್ಲವೋ ಅಂತ ಮಂತ್ರಿ ಸೇನಾಪತಿಯ ಮುಖ ನೋಡತೊಡಗಿದ. ಇವರಿಬ್ಬರಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಅಂತ ನೋಡಲು ಪುರೋಹಿತರು ಬಂದರು, ಪುರೋಹಿತರನ್ನು ನೋಡಲು ಶಾನುಭೋಗರು ಬಂದರು. ಮಂಗಳವಾರದ ಮ್ಯಾಟಿನಿ ಹೊತ್ತಿಗೆ ಊರಿಗೆ ಊರೇ ಟಾಕೀಸಿನಲ್ಲಿತ್ತು. ಬೆಂಚುಗಳನ್ನು ಎದುರುಬದುರು ತಿರುಗಿಸಿ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ದೊರೆ ಪರದೆಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಂತಿದ್ದ. ಪರದೆ ನೋಡುವವರು ಒಬ್ಬರೂ ಇರಲಿಲ್ಲ.

ಪರದೆಯ ಮೇಲೆ ನಾಯಕ ಖಳನಾಯಕನ ಕುತ್ತಿಗೆಗೆ ಕತ್ತಿ ಎತ್ತಿದ್ದ. ಅಲ್ಲೇ ನಿಂತ.

“ಯಾರೂ ನೋಡುತ್ತಿಲ್ಲವಲ್ಲ” ಅಂದ.

“ಹಾಗಾದರೆ ಬಿಡು” ಅಂದ ಖಳನಾಯಕ. “ಯಾರಿಗಾಗಿ ಸಾಯಲಿ?”

ಇಬ್ಬರೂ ಪರದೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ನಾಯಕಿಯೂ ಅಳು ನಿಲ್ಲಿಸಿ ಬಂದು ಕೂತಳು. ಬಾಗಿಲಲ್ಲಿದ್ದ ಕೊಟ್ರವ್ವನಿಗೆ ಕೈ ಮಾಡಿ ಮೂರು ಪೊಟ್ಟಣ ಮಂಡಕ್ಕಿ ತರಿಸಿಕೊಂಡರು. ತಿನ್ನುತ್ತ ಊರನ್ನು ನೋಡತೊಡಗಿದರು. ಬೇರೆ ನೋಡುವುದಕ್ಕೆ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾಯಕಿ ಕೇಳಿದಳು. “ಹೇಗನಿಸಿತು ಈ ಊರು?”

“ಮೊದಲರ್ಧ ಪರವಾಗಿಲ್ಲ” ಅಂದ ಖಳನಾಯಕ. “ಆಮೇಲೆ ಎಳೆದಿದ್ದಾರೆ.”

“ದೊರೆಯ ಪಾತ್ರ?”

“ಅದನ್ನು ಯಾಕೆ ಹಾಕಿದ್ದಾರೋ ಗೊತ್ತಾಗಲಿಲ್ಲ.”

ನಾಯಕ ಬೆರಳಿಗೆ ಹತ್ತಿದ ಖಾರ ನೆಕ್ಕಿಕೊಂಡು ಎದ್ದ. “ಚೆನ್ನಾಗಿಲ್ಲದ್ದನ್ನು ಶುಕ್ರವಾರದೊಳಗೆ ಎತ್ತಬೇಕು. ಅದು ಇವರದ್ದೇ ಪದ್ಧತಿ.”

ಬುಧವಾರ ಬೆಳಿಗ್ಗೆಯೇ ಮೂವರೂ ಪರದೆಯಿಂದ ಇಳಿದು ಊರನ್ನು ಎತ್ತಲು ಶುರುಮಾಡಿದರು. ಮೊದಲು ಕೆರೆಯನ್ನು ಚಾಪೆ ಸುತ್ತಿದಂತೆ ಸುತ್ತಿದರು. ಮೀನುಗಳಿಗೆ ಯಾರೂ ಹೇಳಿರಲಿಲ್ಲ, ಅವು ನಡೆದುಕೊಂಡೇ ಹಿಂದೆ ಹೋದವು. ಆಮೇಲೆ ಅಂಚೆ ಕಚೇರಿ ಹೋಯಿತು. ಆಮೇಲೆ ಮೂಡಣ ದಿಕ್ಕು ಹೋಯಿತು. ಆ ದಿಕ್ಕಿಗೆ ಮುಖ ಮಾಡಿ ಹಲ್ಲುಜ್ಜುತ್ತಿದ್ದವರು ಹಾಗೇ ನಿಂತರು.

ದೊರೆ ಓಡಿ ಬಂದ. “ಚಲೋ ಐತಿ ಅಂತ ಒಂದು ಮಾತು ಅನ್ರಿ. ಅರ್ಧ ರಾಜ್ಯ ಕೊಡ್ತೀನಿ.”

“ಆ ಅರ್ಧವನ್ನು ಆಗಲೇ ಎತ್ತಿ ಆಯಿತು” ಅಂದ ಖಳನಾಯಕ. “ಒಬ್ಬರಾದರೂ ಈ ಊರನ್ನು ನೋಡಿದ್ದೇನೆ, ಹೀಗಿದೆ ಅಂತ ಹೇಳಲಿ. ಆಮೇಲೆ ವಿಚಾರ ಮಾಡೋಣ.”

ತಕ್ಕಡಿಯನ್ನು ಟಾಕೀಸಿಗೆ ಹೊತ್ತು ತಂದರು. ಊರಿನವರೆಲ್ಲ ಸಾಲು ನಿಂತರು. ಮಂತ್ರಿ ಸೇನಾಪತಿಯ ಮುಖ ನೋಡಿ, “ಚಲೋ ಐತಿ” ಅಂದ. ಸೇನಾಪತಿ ಪುರೋಹಿತರ ಮುಖ ನೋಡಿ, “ಬಾಳ ಚಲೋ ಐತಿ” ಅಂದ. ಹೀಗೇ ಊರೆಲ್ಲ ಅಂದರು. ತಟ್ಟೆ ಅಲುಗಲಿಲ್ಲ.

“ಇವೆಲ್ಲ ಪಕ್ಕದವರ ಮುಖ ನೋಡಿ ಆಡಿದ ಮಾತು” ಅಂದಿತು ತಕ್ಕಡಿ. “ಒಂದಕ್ಕೂ ತೂಕವಿಲ್ಲ.”

ಕೊಟ್ರವ್ವ ಸಾಲಿನ ಕೊನೆಗೆ ಇದ್ದಳು. “ನೋಡಬೋದು” ಅಂದಳು. ತಕ್ಕಡಿ ಸೊಂಟ ಹಿಡಿದುಕೊಂಡಿತು. ನಾಯಕ ಅಂಗಿ ತೋಳು ಮಡಿಸಿ ಮತ್ತೆ ಕೆಲಸಕ್ಕೆ ಹೋದ.

ಗುರುವಾರ ಅವರು ಹಾಲವ್ವನ ಓಣಿಗೆ ಬಂದರು. ಕೊಟ್ರವ್ವ ಮನೆಯ ಮುಂದೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ನೋಡುತ್ತಾಳೆ, ಎದುರುಗಡೆ ಅಕ್ಕನ ಮನೆಯ ಕಟ್ಟೆ ಇರಲಿಲ್ಲ. ಹೊಸ್ತಿಲು ಇರಲಿಲ್ಲ. ನಾಯಕ ಒಂದು ಗೋಡೆ, ಖಳನಾಯಕ ಒಂದು ಗೋಡೆ ಹಿಡಿದಿದ್ದರು. ಹಾಲವ್ವ ನಡುಮನೆಯಲ್ಲಿ ಅಕ್ಕಿ ಮೊರ ಹಿಡಿದು ಕೂತೇ ಇದ್ದಳು. ಕಾಲಿನ ಬೆರಳುಗಳು ಆಗಲೇ ಮಸುಕಾಗಿದ್ದವು. ಅವಳು ಯಾರನ್ನೂ ಕರೆಯಲಿಲ್ಲ. ಕರೆಯಬೇಕೆಂದರೆ ಎದುರುಮನೆಯವಳನ್ನೇ ಕರೆಯಬೇಕಿತ್ತು.

ಕೊಟ್ರವ್ವ ಸೌಟು ಕೆಳಗಿಟ್ಟು ಎದ್ದಳು.

“ಅದನ್ನ ಎತ್ತಬ್ಯಾಡ್ರಿ.”

“ಈ ಮುದುಕಿ ಕತೆಗೆ ಬೇಕಿಲ್ಲ ತಾಯಿ” ಅಂದ ಖಳನಾಯಕ. “ಇವಳನ್ನು ತೆಗೆದರೆ ಯಾರಿಗೂ ಗೊತ್ತೇ ಆಗುವುದಿಲ್ಲ.”

“ನನಗ ಗೊತ್ತಾಗ್ತತಿ.”

“ಹೇಗೆ?”

ಕೊಟ್ರವ್ವನ ಬಾಯಿಗೆ ‘ನೋಡಬೋದು’ ಬಂತು. ಅದನ್ನು ನುಂಗಿದಳು.

“ಏಳು ವರ್ಷ ಆತು, ಅಕ್ಕ ನನ್ನ ಕೂಡ ಮಾತಾಡಿಲ್ಲ” ಅಂದಳು. “ಆದ್ರ ದಿನಾ ಬೆಳಿಗ್ಗೆ ನನ್ನ ಬಾಗಿಲ ಮುಂದ ಬಂದು ಕೆಮ್ಮತಾಳ. ಆಕಿಗೆ ಕೆಮ್ಮಿಲ್ಲ. ನಾನು ಎದ್ದೀನೋ ಇಲ್ಲೋ, ಅದನ್ನ ತಿಳ್ಕೊಳಾಕ. ನಾನು ಒಳಗಿಂದ ಒಂದು ಪಾತ್ರಿ ಬಡೀತೀನಿ. ಪಾತ್ರಿ ಸಪ್ಪಳ ಕೇಳಿದ ಮ್ಯಾಲ ಆಕಿ ಹೋಗ್ತಾಳ. ಹೋದ ವರ್ಷ ನನಗ ಜ್ವರ ಬಂದಿತ್ತು, ಬಡಿಯಾಕ ಆಗ್ಲಿಲ್ಲ. ಹನ್ನೊಂದು ಗಂಟೆತನಕ ಅಲ್ಲೇ ನಿಂತು ಕೆಮ್ಮಿದ್ಲು. ಆಮ್ಯಾಲ ನಿಜವಾಗ್ಲೂ ಕೆಮ್ಮು ಹತ್ತಿತು ಆಕಿಗೆ.”

ಖಳನಾಯಕ ಗೋಡೆ ಕೆಳಗಿಟ್ಟ.

“ಎಷ್ಟು ಪಿಚ್ಚರ್ ನೋಡೀನಿ” ಅಂದಳು ಕೊಟ್ರವ್ವ. “ಹಿಂದಿಂದ ಮುಂದಕ್ಕ ನೋಡೀನಿ, ಮುಂದಿಂದ ಹಿಂದಕ್ಕ ನೋಡೀನಿ. ಇದು ಚಲೋ ಐತಿ. ದೊರೆ ಪಾತ್ರ ಚಲೋ ಇಲ್ಲ, ಅದು ಖರೆ. ಮಂತ್ರಿ ಬಾಳ ಉದ್ದ ಆದ. ಆದ್ರ ಇದು ಚಲೋ ಐತಿ. ನೀವು ನೋಡ್ಲೇಬೇಕು.”

ಟಾಕೀಸಿನಲ್ಲಿದ್ದ ತಕ್ಕಡಿಯ ಬಲಗಡೆ ತಟ್ಟೆ ಧಡ್ ಅಂತ ನೆಲಕ್ಕೆ ಬಡಿಯಿತು. ಸದ್ದು ಓಣಿಯವರೆಗೂ ಕೇಳಿಸಿತು. ನಾಯಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿದ್ದರಿಂದ ಮೂವರಿಗೂ ಬೇರೆ ದಾರಿ ಇರಲಿಲ್ಲ.

ಎತ್ತಿದ್ದನ್ನೆಲ್ಲ ತಂದು ಇಟ್ಟರು. ಅವಸರದಲ್ಲಿ ಕೆರೆಯನ್ನು ಅರಮನೆಯ ಮಹಡಿಯ ಮೇಲೆ ಹಾಸಿದರು. ಮೂಡಣ ದಿಕ್ಕನ್ನು ಸ್ವಲ್ಪ ಸೊಟ್ಟ ಇಟ್ಟರು, ಆ ಊರಲ್ಲಿ ಸೂರ್ಯ ಇವತ್ತಿಗೂ ಹಿಟ್ಟಿನ ಗಿರಣಿಯ ಹಿಂದಿನಿಂದ ಹುಟ್ಟುತ್ತಾನೆ. ಮೀನುಗಳು ಪರದೆಯವರ ಜೊತೆಗೇ ಹೋದವು, ಅವಕ್ಕೆ ಪಾತ್ರ ಸಿಕ್ಕಿತಂತೆ.

ದೊರೆಗೆ ಕುತೂಹಲ ತಡೆಯಲಾಗಲಿಲ್ಲ. ಅವನೇ ಟಾಕೀಸಿಗೆ ಹೋಗಿ ಪಿಚ್ಚರನ್ನು ಪೂರ್ತಿ ನೋಡಿದ. ಹೊರಗೆ ಬಂದಾಗ ಜನ ಹೆಂಗೈತಿ ಅಂತ ಕೇಳಿದರು. “ನನಗ ಗೊತ್ತಿಲ್ಲ” ಅಂದ. “ನೋಡಿಬಿಟ್ಟೆ.”

ಶುಕ್ರವಾರ ಹೊಸ ಪಿಚ್ಚರ್ ಬಂತು. ಮ್ಯಾಟಿನಿ ಬಿಟ್ಟ ಮೇಲೆ ಹಾಲವ್ವ ಬಂದು ಕೊಟ್ರವ್ವನ ಬುಟ್ಟಿಯ ಮುಂದೆ ನಿಂತಳು.

“ಇದು ಹೆಂಗೈತಿ?” ಅಂದಳು.

“ಚಲೋ ಇಲ್ಲಕ್ಕಾ.”

“ಎಲ್ಲಿ ಕೆಟ್ಟೈತಿ?”

“ಉಳಿದರ್ಧ ಪೂರ್ತಿ.”

“ಹಂಗಾರ ನಡಿ” ಅಂದಳು ಹಾಲವ್ವ. “ಮೊದಲರ್ಧ ನೋಡಿ ಎದ್ದು ಬರೋಣು.”

ಒಳಗೆ ಹೋದರು. ಕೊನೆಯವರೆಗೂ ಕೂತರು. ಎಲ್ಲೆಲ್ಲಿ ಚಲೋ ಇಲ್ಲವೋ ಅಲ್ಲೆಲ್ಲ ಹಾಲವ್ವ ತಂಗಿಯ ಮೊಣಕೈ ತಿವಿದು, “ಇದನಾ?” ಅಂತ ಕೇಳುತ್ತಿದ್ದಳು.

ಈ ಕತೆಯ ನೀತಿ ಏನೆಂದರೆ, ಮೀನುಗಳಿಗೆ ಮೊದಲೇ ಹೇಳಿ ಕೆರೆ ಸುತ್ತಬೇಕು. ಕೇಳಿದವರು ಚಲೋ ಅನ್ನಿ, ಕೆಟ್ಟದ್ದು ಅನ್ನಿ, ನನ್ನ ಮುಖ ನೋಡಿ ಅನ್ನಬೇಡಿ. ಒಲೆ ಆರಿತು, ಕತೆ ಬೂದಿಯೊಳಗೆ ಹೊಕ್ಕಿತು.