ಬೆಳಗಿನ ಕಡಲ ವಾರ್ತೆ

“ಗುರುಗಳೇ, ಒಂದು ಭಾಷೆ ತನಗೆ ಬರುತ್ತದೆ ಎಂದು ಮನುಷ್ಯ ಯಾವಾಗ ಹೇಳಬಹುದು?”

ಕೇಳಿದವನು ನಿಜಗುಣ. ಕಡಲಾಚೆಯ ಒಂದು ದೇಶದಲ್ಲಿ ಮಠದ ಶಾಖೆ ತೆರೆದಿತ್ತು. ಅಲ್ಲಿಗೆ ಒಬ್ಬ ಶಿಷ್ಯನನ್ನು ಕಳುಹಿಸಬೇಕಿತ್ತು. ತಾನೇ ಹೋಗಬೇಕೆಂದು ನಿಜಗುಣ ಒಂದು ವರ್ಷದಿಂದ ಆ ದೇಶದ ಮಾತು ಕಲಿಯುತ್ತಿದ್ದ. ಅವರ ರೇಡಿಯೊ ಕೇಳುತ್ತಿದ್ದ, ಅವರ ಸಿನಿಮಾ ನೋಡುತ್ತಿದ್ದ, ಅವರ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುತ್ತಿದ್ದ. ಈಗೀಗ ಕನಸು ಕೂಡ ಆ ಭಾಷೆಯಲ್ಲೇ ಬೀಳುತ್ತದೆ ಎಂದು ಹೇಳಿ, ಹೊರಡುವುದಕ್ಕೆ ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಬೆಳಗಿನ ಸುತ್ತು ಮುಗಿಸಿ ಆಗಷ್ಟೇ ಕುಳಿತಿದ್ದರು. ದಿನವೂ ಎದ್ದ ಕೂಡಲೇ ಮಠದ ಒಂದೊಂದು ಕೋಣೆಯ ಬಾಗಿಲಿಗೂ ಹೋಗಿ, ಒಳಗಿದ್ದವನು ಹೊರಗೆ ಬಂದು ಮುಖ ತೋರಿಸುವ ತನಕ ನಿಲ್ಲುವುದು ಅವರ ರೂಢಿ. ಒಳಗಿನಿಂದಲೇ “ಚೆನ್ನಾಗಿದ್ದೇನೆ” ಎಂದು ಕೂಗಿದರೆ ಒಪ್ಪುತ್ತಿರಲಿಲ್ಲ. ಶಿಷ್ಯರು ಇದನ್ನು ಹಾಜರಿ ಎಂದು ತಮಾಷೆ ಮಾಡುತ್ತಿದ್ದರು. ಸನ್ಯಾಸಕ್ಕೆ ಮುಂಚೆ ಗುರುಗಳು ಏನಾಗಿದ್ದರು, ಎಲ್ಲಿದ್ದರು ಎಂಬುದು ಯಾರಿಗೂ ತಿಳಿಯದು. ಸನ್ಯಾಸಿಯ ಪೂರ್ವಾಶ್ರಮವನ್ನು ಕೇಳಬಾರದು. ಹಾಗಾಗಿ ಯಾರೂ ಕೇಳಿರಲಿಲ್ಲ.

“ಕನಸೂ ಬಿತ್ತೇ? ಹಾಗಾದರೆ ಪಂಡಿತನೇ ಆಗಿಬಿಟ್ಟೆ” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಅವರು ಹೇಳಿದ ಕತೆ ಇದು.

ಒಬ್ಬ ಬಡಗಿ ಇದ್ದ. ದೋಣಿ ಕಟ್ಟುವ ಕೆಲಸಕ್ಕೆಂದು ಕಡಲಾಚೆಯ ಒಂದು ಬಂದರಿಗೆ ಹೋದ. ಯಾವ ಬಂದರು ಎಂದು ಕೇಳಬೇಡ, ಹೆಸರು ಕಟ್ಟಿಕೊಂಡು ನಿನಗೇನಾಗಬೇಕು. ಹೋದಾಗ ಅವನಿಗೆ ಅಲ್ಲಿಯ ಒಂದು ಮಾತೂ ಬರುತ್ತಿರಲಿಲ್ಲ. ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಿದ್ದ.

ಒಬ್ಬ ವಿಧವೆ ಅವನಿಗೆ ತನ್ನ ಮನೆಯಲ್ಲಿ ಒಂದು ಕೋಣೆ ಕೊಟ್ಟಳು. ಅವಳ ಗಂಡ ಮೀನುಗಾರ. ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮಕ್ಕಳಿರಲಿಲ್ಲ. ಬಲೆ ಹೆಣೆದು ಬದುಕುತ್ತಿದ್ದಳು. ಅವಳ ಮಂಚದ ಪಕ್ಕ ಒಂದು ರೇಡಿಯೊ ಇತ್ತು. ಬೆಳಕು ಹರಿಯುವ ಹೊತ್ತಿಗೆ ಅದರಲ್ಲಿ ಕಡಲ ವಾರ್ತೆ ಬರುತ್ತಿತ್ತು. ಗಾಳಿ ಯಾವ ಕಡೆಯದು, ಅಲೆ ಎಷ್ಟು ಎತ್ತರ, ದೋಣಿ ಇಳಿಸಬಹುದೋ ಇಲ್ಲವೋ. ಆ ಓಣಿಯ ಎಲ್ಲ ಮನೆಗಳಲ್ಲೂ ಅದೇ ಹೊತ್ತಿಗೆ ಅದೇ ವಾರ್ತೆ. ಕಡಲಿಗೆ ಹೋಗುವವರು ಯಾರೂ ಉಳಿದಿಲ್ಲದ ಮನೆಯಲ್ಲೂ ತಪ್ಪದೆ ಹಾಕುತ್ತಿದ್ದರು. ಯಾಕೆ ಎಂದು ಬಡಗಿ ಕೇಳಲಿಲ್ಲ. ಅವನಿಗೆ ಅದು ಪಾಠ, ಅಷ್ಟೇ.

ಅವಳು ಕಲಿಸುವುದರಲ್ಲಿ ಗಟ್ಟಿಗಿತ್ತಿ. ನನ್ನ ಹಾಗೆ ಸಿಡುಕಿಯಲ್ಲ. ಅವನ ಕೈ ಹಿಡಿದು ಉಪ್ಪಿನ ಮೇಲೆ ಇಟ್ಟು, ಇದು ಉಪ್ಪು ಎನ್ನುತ್ತಿದ್ದಳು. ಒಲೆಯ ಹತ್ತಿರ ಕೈ ಒಯ್ದು, ಇದು ಬಿಸಿ ಎನ್ನುತ್ತಿದ್ದಳು. ರೇಡಿಯೊದವನು ಓದಿದ್ದನ್ನು ನಿಧಾನವಾಗಿ ಮತ್ತೆ ಹೇಳುತ್ತಿದ್ದಳು. ಅವನು ತಪ್ಪಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಸಂಜೆ ನಾಟಕ ಬರುತ್ತಿತ್ತು. ಇಬ್ಬರೂ ಕೂತು ಕೇಳುತ್ತಿದ್ದರು. ರೇಡಿಯೊ ನಾಟಕದಲ್ಲಿ ಎಲ್ಲರೂ ಎಲ್ಲವನ್ನೂ ಬಾಯಿ ಬಿಟ್ಟೇ ಹೇಳುತ್ತಾರೆ. ಹಸಿದವನು ಹಸಿವು ಎನ್ನುತ್ತಾನೆ. ಸಾಯುವವನು ಸಾಯುತ್ತಿದ್ದೇನೆ ಎನ್ನುತ್ತಾನೆ. ಹೇಳದಿದ್ದರೆ ಕೇಳುವವರಿಗೆ ತಿಳಿಯುವುದು ಹೇಗೆ? ಬಡಗಿ ಆ ಮಾತನ್ನು ಚೆನ್ನಾಗಿ ಕಲಿತ.

ಒಂದು ಬೆಳಿಗ್ಗೆ ಎದುರುಮನೆಯ ರೇಡಿಯೊ ಕೇಳಿಸಲಿಲ್ಲ. ವಿಧವೆ ಹೆಣಿಗೆ ಬಿಟ್ಟು ಎದ್ದಳು. ಗಂಜಿ ಕಾಯಿಸಿದಳು. ಪಾತ್ರೆಗೆ ಬಟ್ಟೆ ಸುತ್ತಿಕೊಂಡು, ಬಾಗಿಲು ತಟ್ಟದೆ ಎದುರುಮನೆಗೆ ನಡೆದಳು. ಅಲ್ಲಿ ಒಂಟಿ ಹೆಂಗಸೊಬ್ಬಳು ಜ್ವರದಲ್ಲಿ ಮಲಗಿದ್ದಳು. ಪಕ್ಕದ ಮನೆಯವರೂ ಬಂದರು. ಯಾರೂ ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಬಾಯಿ ಬಿಟ್ಟು ನೆರವು ಕೇಳುವುದು ಆ ಓಣಿಯವರಿಗೆ ತಲೆ ತಗ್ಗಿಸುವ ವಿಷಯ. ಎಂಟು ದಿನಕ್ಕೆ ಅವಳು ಎದ್ದು ಓಡಾಡಿದಳು. ಇದೆಲ್ಲ ಬಡಗಿಯ ಕಣ್ಣ ಮುಂದೆಯೇ ನಡೆಯಿತು. ಆ ದಿನ ಅವನು ಏನು ಕಲಿತ ಗೊತ್ತೇ? ಗಂಜಿಗೆ ಅವರ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡ.

ತಲೆ ಅಲ್ಲಾಡಿಸಬೇಡ ನಿಜಗುಣ. ನಿನ್ನ ಹತ್ತಿರವೂ ಅಂಥ ಪುಸ್ತಕ ಇದೆ. ನೋಡಿದ್ದೇನೆ.

ಎರಡು ವರ್ಷವಾಯಿತು. ಬೆನ್ನು ತಿರುಗಿಸಿ ನಿಂತು ಮಾತಾಡಿದರೆ ಅವನು ಹೊರಗಿನವನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೋಣಿ ಕಟ್ಟುವಲ್ಲಿ ಅವರ ಬೈಗುಳವನ್ನೇ ಬೈಯುತ್ತಿದ್ದ, ಅವರ ಹಾಡನ್ನೇ ಗುನುಗುತ್ತಿದ್ದ. ವಿಧವೆ ಅವನನ್ನು ಮಗ ಎಂದು ಕರೆಯತೊಡಗಿದಳು. ಅವನು ಹೆತ್ತ ತಾಯಿಯ ಮುಖವನ್ನೇ ಕಂಡವನಲ್ಲ. ಅವಳು ಹಾಗೆ ಕರೆದ ಮೊದಲ ದಿನ ಅವನು ಹಿತ್ತಲಿಗೆ ಹೋಗಿ ಅತ್ತ. ಅವಳಿಗಾಗಿ ಏನು ಬೇಕಾದರೂ ಮಾಡುವ ಹಾಗಾಗಿದ್ದ. ಆದರೆ ಇನ್ನೊಂದೂ ಆಗಿತ್ತು. ಅವನ ಮಾತು ಸರಿಹೋದ ಮೇಲೆ ಅವಳು ಕೈ ಹಿಡಿದು ತೋರಿಸುವುದನ್ನು ಬಿಟ್ಟಿದ್ದಳು. ಮನೆಯ ಮಗನಿಗೆ ತೋರಿಸಿಕೊಡುವುದು ಏನಿದೆ?

ಮೂರನೆಯ ವರ್ಷದ ಚಳಿಗಾಲ. ಒಂದು ದೊಡ್ಡ ದೋಣಿ ಮುಗಿಯುತ್ತ ಬಂದಿತ್ತು. ಬಡಗಿ ಮುಂಜಾನೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಒಂದು ದಿನ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಸದ್ದಿಲ್ಲ. ವಿಧವೆ ಮಂಚದಲ್ಲೇ ಇದ್ದಳು. ಮೈ ಮುಟ್ಟಿ ನೋಡಿದ, ಬೆಚ್ಚಗಿತ್ತು. “ವೈದ್ಯರನ್ನು ಕರೆಯಲೇ?” ಎಂದ. “ಬೇಡ, ನೀನು ಕೆಲಸಕ್ಕೆ ಹೋಗು” ಎಂದಳು.

ನಮ್ಮೂರಿನಲ್ಲಿ ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಇಟ್ಟು ಬೇಡ ಎಂದರೂ ನಾವು ಇನ್ನೊಂದು ಸೌಟು ಬಡಿಸುತ್ತೇವೆ. ತನ್ನ ಭಾಷೆಯಲ್ಲಾಗಿದ್ದರೆ ಆ ಬೇಡವನ್ನು ಬಡಗಿಯೂ ಒಪ್ಪುತ್ತಿರಲಿಲ್ಲ. ಅದು ಕಲಿತ ಭಾಷೆ. ಒಪ್ಪಿಕೊಂಡ.

ಕಡಲ ವಾರ್ತೆಯ ಹೊತ್ತಾಗಿತ್ತು. ಅವಳಿಗೆ ಮರೆತಿರಬೇಕು ಎಂದು ತಾನೇ ರೇಡಿಯೊ ಹಾಕಿದ. ಅವಳು, “ಇವತ್ತು ರೇಡಿಯೊ ಬೇಡ, ಮಗ” ಎಂದಳು. ಸದ್ದಿಗೆ ತಲೆ ನೋಯುತ್ತದೆ, ಪಾಪ, ಎಂದುಕೊಂಡ. ರೇಡಿಯೊ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟ. ಅಲ್ಲಿಂದ ವಾರ್ತೆ ಕೇಳಿದ. ಹೊಸದಾಗಿ ಬಂದ ಎರಡು ಪದಗಳನ್ನು ಬರೆದುಕೊಂಡ.

ಎರಡನೆಯ ದಿನ ಅವಳ ಉಸಿರು ಕೆಟ್ಟಿತ್ತು. ಗಂಜಿ ಕುಡಿಸಿದ. ಮೂರು ಗುಟುಕು ಕುಡಿದಳು. ಅವನು ಅಡುಗೆಮನೆಯಲ್ಲಿ ರೇಡಿಯೊ ಹಾಕಿದಾಗ ಮತ್ತೆ ಅದನ್ನೇ ಹೇಳಿದಳು, “ಬೇಡ, ಮಗ.” ಅವಳಿಗೆ ಅಲ್ಲಿಗೂ ಕೇಳಿಸುತ್ತದಲ್ಲ ಎಂದು ಅವನಿಗೆ ನೋವಾಯಿತು. ಅದನ್ನು ಹೊರಗಿನ ಜಗಲಿಗೆ ಒಯ್ದ. ಓಣಿಗೆಲ್ಲ ವಾರ್ತೆ ಚೆನ್ನಾಗಿ ಕೇಳಿಸಿತು. ಎದುರುಮನೆಯವಳು ಕಿಟಕಿಯಿಂದ ನೋಡಿ ನಕ್ಕಳು. ಇವನೂ ನಕ್ಕು, ಗಾಳಿ ಇವತ್ತು ತೆಂಕಣದ್ದಂತೆ ಎಂದ. ಅವಳು ಹೌದೆಂದು ಒಳಗೆ ಹೋದಳು.

ಮೂರನೆಯ ದಿನ ಅವಳಿಗೆ ಮಾತಾಡಲಾಗಲಿಲ್ಲ. ಅವನು ರೇಡಿಯೊದ ಕಡೆ ಹೋಗುತ್ತಿದ್ದ ಹಾಗೆ ಕೈಯನ್ನು ಸ್ವಲ್ಪ ಎತ್ತಿದಳು. ಅವನಿಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದುಕೊಂಡ. ಅವಳ ಕೋಣೆಯ ಬಾಗಿಲು ಎಳೆದುಕೊಂಡು, ಜಗಲಿಯಲ್ಲಿ ರೇಡಿಯೊ ಹಾಕಿ, ನಾಳೆ ಹೊಸ ದೋಣಿ ನೀರಿಗಿಳಿದ ಕೂಡಲೇ ಅವಳು ಏನೇ ಹೇಳಲಿ ವೈದ್ಯರನ್ನು ಕರೆತರುತ್ತೇನೆ ಎಂದು ನಿರ್ಧರಿಸಿ ಕೆಲಸಕ್ಕೆ ಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹೋಗಿಬಿಟ್ಟಿದ್ದಳು.

ಓಣಿಯವರು ಬಂದರು. ವೈದ್ಯನೂ ಬಂದ. ಎದೆಯಲ್ಲಿ ಕಫ ಕಟ್ಟಿದೆ, ಮೊದಲ ದಿನ ಕರೆದಿದ್ದರೆ ಬದುಕುತ್ತಿದ್ದಳು ಎಂದು ಹೇಳಿ ಹೋದ. ಎದುರುಮನೆಯವಳು ಮಂಚದ ಬಳಿ ನಿಂತು ರೇಡಿಯೊ ಇದ್ದ ಜಾಗವನ್ನು ನೋಡಿದಳು. ಖಾಲಿಯಿತ್ತು.

“ಮೂರು ದಿನವೂ ಈ ಮನೆಯ ರೇಡಿಯೊ ಕೇಳಿಸಿತು. ಅವಳು ಎದ್ದಿದ್ದಾಳೆ ಅಂತ ನಾವೆಲ್ಲ ಸುಮ್ಮನಿದ್ದೆವು. ಹಾಕಿದವರು ಯಾರು?” ಎಂದು ಕೇಳಿದಳು.

“ನಾನು” ಎಂದ ಬಡಗಿ.

ಅವಳು ಅವನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. “ನಿನಗೆ ಗೊತ್ತು ಅಂದುಕೊಂಡಿದ್ದೆವು. ನಮ್ಮ ಹಾಗೇ ಮಾತಾಡುತ್ತೀಯಲ್ಲ” ಎಂದಷ್ಟೇ ಹೇಳಿದಳು.

ಮಣ್ಣು ಮಾಡಿ ಬಂದ ಮೇಲೆ ಆ ರೇಡಿಯೊವನ್ನು ಓಣಿಯವರು ಅವನಿಗೇ ಕೊಟ್ಟರು. ಮಗನಿಗೆ ಸೇರಬೇಕಾದದ್ದು ಎಂದರು. ಅವನು ಅದನ್ನು ಹಡಗುಕಟ್ಟೆಯ ಮೇಲೆ ಬಿಟ್ಟು ಹಡಗು ಹತ್ತಿದ. ಆ ಭಾಷೆಯನ್ನು ಮತ್ತೆ ಆಡಲಿಲ್ಲ. ಮರೆಯಲು ನೋಡಿದ. ಅದೂ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ನಿಜಗುಣನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ.

“ಇದರಲ್ಲಿ ಆ ಬಡಗಿಯ ತಪ್ಪೇನು ಗುರುಗಳೇ? ಅವನು ಆಕೆಯನ್ನು ತಾಯಿಯ ಹಾಗೆ ನೋಡಿಕೊಂಡ. ಓಣಿಯವರನ್ನು ಕರೆ ಎಂದು ಆಕೆ ಒಂದು ಮಾತು ಹೇಳಬಹುದಿತ್ತಲ್ಲ?”

ಗುರುಗಳು ತಂಬಿಗೆಯನ್ನು ಕೆಳಗಿಟ್ಟರು.

“ಮೂರು ದಿನ ಹೇಳಿದಳಪ್ಪ, ನನಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು.”